ಚಿನ್ನ ಬಿಟ್ಟು ಹೋದ ಕಳ್ಳ

ದೀಪ ಹಚ್ಚುವ ಹೊತ್ತಿಗೆ ಚಾಮರಾಜಪುರಂನ ರುದ್ರಸ್ವಾಮಿಯ ಮನೆಯಿಂದ ಕೂಗು ಕೇಳಿತು.

ಪಕ್ಕದ ಮನೆಯ ಚೆಲುವರಾಜು ಆಗಷ್ಟೇ ಬೂಟು ಬಿಚ್ಚಿ ಕಾಫಿ ಲೋಟಕ್ಕೆ ಕೈ ಹಾಕಿದ್ದ. ಸಬ್ ಇನ್ಸ್‌ಪೆಕ್ಟರ್ ಪಕ್ಕದಲ್ಲಿದ್ದರೆ ನೆರೆಯವರಿಗೆ ಧೈರ್ಯ. ಸಬ್ ಇನ್ಸ್‌ಪೆಕ್ಟರಿಗೆ ಮಾತ್ರ ಕಾಫಿ ಆರಿ ಹೋಗುತ್ತದೆ. ಬರಿಗಾಲಲ್ಲೇ ಓಡಿದ.

ಪೂಜೆಯ ಕೋಣೆಯಲ್ಲಿ ರುದ್ರಸ್ವಾಮಿಯ ತಾಯಿ ಪುಟ್ಟಬಸಮ್ಮ ಮಣೆಯ ಮೇಲೆ ಕೂತಿದ್ದರು. ಎಪ್ಪತ್ತರ ಮುದುಕಿ. ಕಣ್ಣಿಗೆ ಪೊರೆ ಬಂದು ನಾಲ್ಕು ವರ್ಷ. ಎಡ ಅಂಗೈ ಬಿಚ್ಚಿಕೊಂಡೇ ಇತ್ತು. ಅದರಲ್ಲಿ ಏನೂ ಇರಲಿಲ್ಲ. ಬಲಗೈಯಲ್ಲಿ ಕೊರಳಿಗೆ ಕಟ್ಟಿಕೊಳ್ಳುವ ಚಿನ್ನದ ಕರಡಿಗೆ. ಅದರ ಮುಚ್ಚಳ ತೆರೆದಿತ್ತು. ಒಳಗೂ ಏನೂ ಇರಲಿಲ್ಲ.

"ಲಿಂಗ ಇಲ್ಲ ಕಣಪ್ಪ," ಎಂದರು ಪುಟ್ಟಬಸಮ್ಮ.

ಹುಟ್ಟಿದಾಗ ಗುರುಗಳು ಕಟ್ಟಿದ ಲಿಂಗ. ಎಪ್ಪತ್ತು ವರ್ಷ ಮೈಬಿಟ್ಟು ಕದಲದ್ದು. ಅಂಗೈಲಿಟ್ಟು ಪೂಜಿಸದೆ ಅವರು ಒಂದು ಹೊತ್ತೂ ಉಂಡವರಲ್ಲ.

"ಸಿಗೋವರೆಗೂ ತೊಟ್ಟು ನೀರು ಮುಟ್ಟಲ್ಲ ಅಂತ ಕೂತ್ಬುಟ್ಟವ್ರೆ," ಎಂದು ಸೊಸೆ ಬಸಮ್ಮ ಸೆರಗು ಬಾಯಿಗೊತ್ತಿಕೊಂಡಳು. "ಮಧ್ಯಾಹ್ನ ಉಂಡಿದ್ದೇ ಕೊನೆ. ಈ ವಯಸ್ಸಲ್ಲಿ ಎಷ್ಟು ದಿನ ತಡೀತಾರೆ, ಹೇಳಿ."

ರುದ್ರಸ್ವಾಮಿ ಬಾಗಿಲಲ್ಲೇ ನಿಂತಿದ್ದ. ಬಟ್ಟೆ ಅಂಗಡಿಯ ಯಜಮಾನ. ಸಭೆ ಸಮಾರಂಭಗಳಲ್ಲಿ ಮೊದಲ ಸಾಲಿನಲ್ಲಿ ಕೂರುವವ. ಈಗ ಮುಖ ಸುಣ್ಣದಂತಾಗಿತ್ತು.

"ಹೆಂಗ್ ಸಾಧ್ಯ? ಹೆಂಗ್ ಸಾಧ್ಯ ಇದು?" ಎಂದು ಅದನ್ನೇ ಹೇಳುತ್ತಿದ್ದ.

ಚೆಲುವರಾಜುವಿಗೂ ಅದೇ ಪ್ರಶ್ನೆ. ಕರಡಿಗೆ ಅಪ್ಪಟ ಚಿನ್ನದ್ದು, ಮುದುಕಿಯ ಅತ್ತೆಯ ಕಾಲದ್ದು. ಹತ್ತು ತೊಲಕ್ಕೆ ಕಡಿಮೆಯಿಲ್ಲ. ಒಳಗಿನ ಲಿಂಗ ಕಂತಿಯ ಕಪ್ಪು ಲೇಪ ಮೆತ್ತಿದ ಕಲ್ಲು. ಮಾರಿದರೆ ಬಿಡಿಗಾಸು ಹುಟ್ಟದು. ಚಿನ್ನ ಬಿಟ್ಟು ಕಲ್ಲು ಕದಿಯುವ ಕಳ್ಳನನ್ನು ಅವನು ಹದಿನೆಂಟು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

ಕರಡಿಗೆಯನ್ನು ಕೈಗೆತ್ತಿಕೊಂಡು ನೋಡಬೇಕಿತ್ತು. ನೋಡಲಿಲ್ಲ. ಅವನು ಒಕ್ಕಲಿಗ. ಬೇರೆಯವರ ಎದೆಯ ಮೇಲಿನ ದೇವರ ಮನೆಯನ್ನು ಮುಟ್ಟುವುದೇ? ಕೈ ಹಿಂದಕ್ಕೆ ಕಟ್ಟಿಕೊಂಡು ಬಗ್ಗಿ ನೋಡಿದ, ಅಷ್ಟೇ. ಪುಟ್ಟಬಸಮ್ಮ ಅದನ್ನು ಬೆರಳಲ್ಲಿ ಒಮ್ಮೆ ತಿರುಗಿಸಿದರು. ಇನ್ನೊಮ್ಮೆ ತಿರುಗಿಸಿದರು. ಆಮೇಲೆ ಬಾಯಿ ಬಿಡಲಿಲ್ಲ.

* * *

ಆ ದಿನ ನಡೆದದ್ದನ್ನು ಬಸಮ್ಮ ಹೇಳಿದಳು.

ಮೈಸೂರಿನಿಂದ ಬೋಗಾದಿ ದಾಟಿ ಒಂದೂವರೆ ಗಂಟೆ ಹೋದರೆ ನಡುಗೆರೆ. ದೊಡ್ಡ ಕೆರೆ, ಅದರ ಮಧ್ಯದ ದಿಬ್ಬದ ಮೇಲೆ ಊರು. ದಡದಿಂದ ಊರಿಗೆ ಹರಿಗೋಲೇ ಗತಿ. ಅದು ಪುಟ್ಟಬಸಮ್ಮನ ತವರು. ಕಣ್ಣು ಪೂರ್ತಿ ಹೋಗುವ ಮೊದಲು ಒಮ್ಮೆ ನೋಡಬೇಕೆಂದು ಮೂರು ವರ್ಷದಿಂದ ಕೇಳುತ್ತಿದ್ದರು. ಮೂರು ವರ್ಷ ಪುರುಸೊತ್ತಿಲ್ಲದ ಮಗ ಹಿಂದಿನ ದಿನ ತಾನಾಗಿಯೇ "ನಾಳೆ ಹೊರಡೋಣವ್ವ" ಎಂದಿದ್ದ.

ಬೆಳಿಗ್ಗೆ ದಡದ ಆಲೆಮನೆಯಲ್ಲಿ ಕಬ್ಬಿನ ಹಾಲಿನ ರುಚಿ ನೋಡಿದರು. ಮಧ್ಯಾಹ್ನ ಊರಿನ ಮಂಟಪದಲ್ಲಿ ಮುದುಕಿ ಪೂಜೆಗೆ ಕೂತರು. ಬಸಮ್ಮ ಛತ್ರದಲ್ಲಿ ಅನ್ನಕ್ಕಿಟ್ಟಿದ್ದಳು. ಊಟವಾಯಿತು. ನಾಲ್ಕು ಗಂಟೆಗೆ ಹರಿಗೋಲು ಹತ್ತಿ ದಡಕ್ಕೆ, ಬಸ್ಸು ಹತ್ತಿ ಮನೆಗೆ.

"ಪೂಜೇಲಿ ಲಿಂಗ ಇತ್ತಾ?"

"ಇತ್ತಲ್ಲ. ಪೂಜೆ ಆದ್ಮೇಲೆ ತಾವೇ ಒಳಗಿಟ್ಟು ಮುಚ್ಚಿದ್ರಂತೆ."

"ಆಮೇಲೆ ಅವರನ್ನ ಯಾರಾದ್ರೂ ಮುಟ್ಟಿದ್ರಾ?"

ರುದ್ರಸ್ವಾಮಿ ತಟ್ಟನೆ ಹೇಳಿದ. "ಹರಿಗೋಲಿನವನು. ಮಹದೇವು ಅಂತ. ಅವ್ವಂಗೆ ಹತ್ತಕ್ಕಾಗ್ಲಿಲ್ಲ. ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಿ ಒಳಗಿಟ್ಟ."

ಇದೊಂದು ಎಳೆ ಸಿಕ್ಕಿತು. ಠಾಣೆಯಿಂದ ನಡುಗೆರೆಯ ಔಟ್‌ಪೋಸ್ಟಿಗೆ ಫೋನು ಹೋಯಿತು. ಕೊನೆಯ ಸಲ ಹುಟ್ಟು ಹಾಕಿ ಊರು ಸೇರಿದ ಮಹದೇವುವನ್ನು ನೇರ ಅಲ್ಲಿಗೇ ಕರೆದೊಯ್ದು ಕೂರಿಸಿದರು.

* * *

ಮರುದಿನ ಬೆಳಿಗ್ಗೆ ಚೆಲುವರಾಜುವಿನ ಹೆಂಡತಿ ಮಂಗಳಮ್ಮ ಹಿತ್ತಿಲಲ್ಲಿ ಹುಣಸೆಹಣ್ಣು ಹಾಕಿ ದೀಪದ ಕಂಬ ತಿಕ್ಕುತ್ತಿದ್ದಳು.

"ಏನ್ ಉಜ್ಜಿದ್ರೂ ಅಷ್ಟೇ ಕಣ್ರೀ. ಸಂದೀಲಿ ಕೂತ ಕುಂಕುಮ ಬರಲ್ಲ. ನಮ್ಮತ್ತೆ ಕಾಲದ್ದು ಇನ್ನೂ ಐತೆ."

ಚೆಲುವರಾಜು ಹೂಂಗುಟ್ಟಿದ. ಅವನ ತಲೆ ಬೇರೆಡೆ ಇತ್ತು. ರಾತ್ರಿಯಿಡೀ ಯೋಚಿಸಿದ್ದ. ಒಂದೂ ಹೊಂದುತ್ತಿರಲಿಲ್ಲ. ಮಹದೇವು ಕದ್ದ ಅನ್ನೋಣ. ಕರಡಿಗೆಯನ್ನೇ ಕಿತ್ತುಕೊಳ್ಳಬಹುದಿತ್ತಲ್ಲ? ಸೆರಗಿನೊಳಗೆ ಕೈಹಾಕಿ, ಮುಚ್ಚಳ ತೆಗೆದು, ಕಲ್ಲನ್ನಷ್ಟೇ ತೆಗೆಯುವ ಕರ್ಮ ಯಾಕೆ?

ಪಕ್ಕದ ಮನೆಗೆ ಹೋದಾಗ ಡಾಕ್ಟರು ಬಂದು ಹೋಗಿದ್ದರು. ನಾಡಿ ಇಳಿದಿದೆ, ಸಂಜೆಯೊಳಗೆ ನೀರಾದರೂ ಒಳಗೆ ಹೋಗಬೇಕು ಎಂದಿದ್ದರಂತೆ. ಹೊಸ ಲಿಂಗ ತರಿಸೋಣವೆಂದರೆ ಮುದುಕಿ ತಲೆ ಅಲ್ಲಾಡಿಸಿದ್ದರಂತೆ. ತುಟಿ ಒಣಗಿ ಸಿಪ್ಪೆ ಎದ್ದಿತ್ತು.

"ಅಮ್ಮ, ಕರಡಿಗೆ ನನ್ನ ಜತೆ ಕಳಿಸ್ತೀರಾ? ಸಾಕ್ಷಿಗೆ ಬೇಕಾಗುತ್ತೆ."

"ತಗೊಂಡ್ಹೋಗಪ್ಪ. ಅದು ಬರೀ ಡಬ್ಬಿ," ಎಂದರು ಪುಟ್ಟಬಸಮ್ಮ.

ಅಂಥ ಆಚಾರವಂತರು ಅಷ್ಟು ಸುಲಭವಾಗಿ ಕೊಟ್ಟರಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು. ಒಗೆದ ಕರವಸ್ತ್ರದಲ್ಲಿ ಸುತ್ತಿ, ಬಿಚ್ಚಿ ನೋಡದೆ, ಜೇಬಿಗಿಟ್ಟ.

* * *

ರುದ್ರಸ್ವಾಮಿಯೂ ಜತೆಗೆ ಬಂದ. ಡಿಸೆಂಬರಿನ ಬಿಸಿಲು ಏರಿತ್ತು. ಬಸ್ಸಿನ ತುಂಬ ಜನ. ರುದ್ರಸ್ವಾಮಿ ಬೆವರುತ್ತಿದ್ದ. ಆದರೂ ಉಣ್ಣೆಯ ಕೋಟು ತೆಗೆಯಲಿಲ್ಲ.

"ನಾಳೆ ಬಡಾವಣೆ ಸಭೆ ಬೇರೆ ಇದೆ," ಎಂದ. "ರಕ್ಷಣಾ ನಿಧೀದು."

ಗಡಿಯಲ್ಲಿ ಯುದ್ಧ ನಿಂತು ತಿಂಗಳಾಗಿತ್ತು. ಹೆಂಗಸರು ಬಳೆ ಬಿಚ್ಚಿ ಕೊಡುತ್ತಿದ್ದರು. ಹಿಂದಿನ ಸಭೆಯಲ್ಲಿ ರುದ್ರಸ್ವಾಮಿ ಎದ್ದು, ನಮ್ಮ ಮನೆತನದ ಚಿನ್ನದ ಕರಡಿಗೆಯನ್ನೇ ಕೊಡುತ್ತೇನೆ ಎಂದು ಘೋಷಿಸಿದ್ದ. ಚಪ್ಪಾಳೆಯ ಸುರಿಮಳೆ. ಚೆಲುವರಾಜುವೂ ತಟ್ಟಿದ್ದ.

"ಕೊಡ್ತೀರಾ?"

"ಅವ್ವ ಬಿಲ್‌ಕುಲ್ ಒಪ್ಪಲಿಲ್ಲ. ಬೇರೆ ಏನಾದ್ರೂ ಕೊಡ್ತೀನಿ." ರುದ್ರಸ್ವಾಮಿ ಕಿಟಕಿಯ ಕಡೆ ತಿರುಗಿದ. ಅತ್ತ ಕಬ್ಬಿನ ಗದ್ದೆಗಳು ಓಡುತ್ತಿದ್ದವು.

ದಡದಿಂದ ಬೇರೆ ಹರಿಗೋಲು ಹತ್ತಿದರು. ನೀರಿನ ಮಧ್ಯೆ ಅದು ಒಂದು ಸುತ್ತು ತಿರುಗಿತು. ರುದ್ರಸ್ವಾಮಿ ಅಂಚು ಹಿಡಿಯಲಿಲ್ಲ. ಎದೆಯ ಮೇಲೆ ಕೋಟನ್ನು ಒತ್ತಿ ಹಿಡಿದುಕೊಂಡ. ಚೆಲುವರಾಜುವಿಗೆ ಈಜು ಬಾರದು, ಅವನು ಎರಡೂ ಕೈಯಲ್ಲಿ ಅಂಚು ಹಿಡಿದಿದ್ದ. ಆದರೂ ಇದನ್ನು ನೋಡಿದ.

ಔಟ್‌ಪೋಸ್ಟಿನಲ್ಲಿ ಮಹದೇವು ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಎದುರಿಗಿಟ್ಟ ಮುದ್ದೆ ಹಾಗೇ ಒಣಗಿತ್ತು.

"ಆಯಮ್ಮ ನೀರು ಕುಡೀದೆ ಕುಂತವ್ರಂತೆ, ನಾನೆಂಗ್ ಉಣ್ಲಿ ಬುದ್ಧೀ?" ಎಂದ. "ಬಿದ್ದೋಗ್ತಾರೆ ಅಂತ ಎತ್ತಿ ಕೂರ್ಸ್ದೆ. ನಮ್ಮವ್ವನಂಗವ್ರೆ. ಇನ್ಮೇಲೆ ನನ್ ಅರಿಗೋಲಿಗೆ ಯಾರ್ ಕಾಲಿಟ್ಟಾರು?"

ಮನೆ ಜಾಲಾಡಿದ್ದರು. ಮೈ ಜಾಲಾಡಿದ್ದರು. ಏನೂ ಸಿಕ್ಕಿರಲಿಲ್ಲ. ಅಲ್ಲಿನ ಪೇದೆ ಗುಟ್ಟಾಗಿ ಹೇಳಿದ. "ಚಿನ್ನ ಬಿಟ್ಟು ಲಿಂಗ ಎತ್ತೋನು ಕಳ್ಳ ಅಲ್ಲ ಸಾರ್, ಮಾಟಗಾರ. ಊರಾಚೆ ಜವರಪ್ಪ ಅಂತ ಇದ್ದಾನೆ."

ಮೈಸೂರಿನ ಸಬ್ ಇನ್ಸ್‌ಪೆಕ್ಟರ್ ಮಾಟಗಾರನನ್ನು ಹುಡುಕಿಕೊಂಡು ಹೊರಟ. ಬುದ್ಧಿ ಓಡದಿದ್ದರೆ ಯಾವ ದಾರಿಯಾದರೂ ಸರಿ.

* * *

ಜವರಪ್ಪ ನೀರಿನಂಚಿನಲ್ಲಿ ಒಂದು ಎತ್ತಿನ ಕಾಲಿಗೆ ಸೊಪ್ಪು ಅರೆದು ಕಟ್ಟುತ್ತಿದ್ದ. ಇಡೀ ಕಥೆ ಕೇಳಿದ. ನಕ್ಕ.

"ಮಾಟ ಗೀಟ ನಂಗೊತ್ತಿಲ್ಲ ಸೋಮಿ. ನಾನು ದನದ ವೈದ್ಯ. ಒಂದ್ ಮಾತು ಕೇಳ್ಲಾ? ಚಿನ್ನ ಎದುರ್ಗಿದ್ರೆ ಕಲ್ಲು ಯಾರ್ ಎತ್ಕಂಡಾರು?"

"ಅದೇ ನನಗೂ ಗೊತ್ತಾಗ್ತಿಲ್ಲ."

"ಗೊತ್ತಾಗಕ್ಕೇನೈತೆ? ಚಿನ್ನ ಬುಟ್ಟೋಗೋ ಕಳ್ಳ ಈ ಭೂಮಿ ಮ್ಯಾಲಿಲ್ಲ. ಚಿನ್ನಾನೇ ಓಗಿರ್ಬೇಕು. ಸರ್ಯಾಗ್ ನೋಡಿದ್ರಾ?"

ಚೆಲುವರಾಜುವಿನ ಕೈ ಜೇಬಿನ ಮೇಲೆ ಹೋಯಿತು. ಸರಿಯಾಗಿ ನೋಡಿದ್ದನೇ? ಇಲ್ಲ. ಯಾರೂ ನೋಡಿರಲಿಲ್ಲ. ಎಲ್ಲರೂ ಲಿಂಗವನ್ನು ಹುಡುಕಿದ್ದರು. ಕರಡಿಗೆ ಕಣ್ಣೆದುರೇ ಇತ್ತಲ್ಲ. ಅದನ್ನು ಮುಟ್ಟಲು ಎಲ್ಲರಿಗೂ ಭಯಭಕ್ತಿ ಅಡ್ಡ ಬಂದಿತ್ತು.

ಕೆರೆಯಲ್ಲಿ ಕೈಕಾಲು ತೊಳೆದ. ಮನಸ್ಸಿನಲ್ಲೇ ತಪ್ಪಾಯ್ತು ಎಂದುಕೊಂಡ. ಕರವಸ್ತ್ರ ಬಿಚ್ಚಿದ.

ಮುಚ್ಚಳದ ಮೇಲೆ ಕಮಲದ ಕೆತ್ತನೆ. ಎಸಳುಗಳ ಸಂದು ನೋಡಿದ. ಚೊಕ್ಕವಾಗಿತ್ತು. ಮಂಗಳಮ್ಮ ನೆನಪಾದಳು. ಎರಡು ತಲೆಮಾರು ದಿನವೂ ಪೂಜೆ ಮಾಡಿದ ಕರಡಿಗೆ. ಸಂದಿಯಲ್ಲಿ ಒಂದು ಕಾಳು ವಿಭೂತಿ ಬೇಡವೇ? ಚಾಕುವಿನ ತುದಿಯಲ್ಲಿ ತಳವನ್ನು ಗೀರಿದ. ಹಳದಿಯ ಕೆಳಗೆ ಕೆಂಪು ತಾಮ್ರ ಕಂಡಿತು. ಎರಡು ಪಕ್ಕ ಹಿಡಿದು ಒತ್ತಿದ. ಕೊಕ್ಕೆ ಜಾರಿ ಮುಚ್ಚಳ ತಾನಾಗಿ ತೆರೆದುಕೊಂಡಿತು.

ಅವನು ಔಟ್‌ಪೋಸ್ಟಿನ ಕಡೆ ಓಡಿದ. ಪೊಲೀಸರು ಓಡಿದರೆ ಊರೇ ಹಿಂದೆ ಓಡುತ್ತದೆ. ಅಂದೂ ಓಡಿತು.

* * *

"ಮಹದೇವು, ನಿನ್ನ ಹರಿಗೋಲು ಎಲ್ಲಿ?"

"ನಿನ್ನೆ ಕಟ್ಟಿದ್ ತಾವೇ ಐತೆ ಬುದ್ಧಿ. ಹುಲ್ಲೂ ಬದಲಾಯಿಸಕ್ ಬುಡ್ಲಿಲ್ಲ ಇವ್ರು."

ಕೂರುವವರ ಬಟ್ಟೆ ನೆನೆಯದಂತೆ ಹರಿಗೋಲಿನ ತಳಕ್ಕೆ ಒಣಹುಲ್ಲು ಹಾಸಿರುತ್ತಾರೆ. ಚೆಲುವರಾಜು ಮಂಡಿಯೂರಿ ಒಂದೊಂದೇ ಹಿಡಿ ಹುಲ್ಲು ಎತ್ತಿದ. ಮೂರನೆಯ ಹಿಡಿಯ ಕೆಳಗೆ, ಬಿದಿರ ಹೆಣಿಗೆಯ ಸಂದಿನಲ್ಲಿ, ಕಪ್ಪಗೆ ಒಂದು ಲಿಂಗ ಕೂತಿತ್ತು.

ಮಹದೇವು ಅಡ್ಡಬಿದ್ದ. ಹಿಂದಿದ್ದ ಹೆಂಗಸರು ಶಿವ ಶಿವಾ ಎಂದರು. ಚೆಲುವರಾಜುವಿನ ಕಣ್ಣೂ ಒದ್ದೆಯಾಯಿತು. ಅವನು ಲಿಂಗ ಮುಟ್ಟಲಿಲ್ಲ.

"ರುದ್ರಸ್ವಾಮಿಯವರೇ, ತಗೊಳ್ಳಿ. ಅದರ ಮನೇಲೇ ಇಡಿ. ನಿಮ್ಮ ಕೋಟಿನ ಒಳಜೇಬಲ್ಲಿದೆಯಲ್ಲ."

ರುದ್ರಸ್ವಾಮಿಯ ಕೈ ತಟ್ಟನೆ ಕೋಟಿನ ಎದೆಗೆ ಹೋಯಿತು.

"ನಾನು ಹೇಳಲಾ? ಸಭೇಲಿ ಮಾತು ಕೊಟ್ರಿ. ಅಮ್ಮ ಒಪ್ಪಲಿಲ್ಲ. ಮಾನ ಹೋಗುತ್ತೆ ಅಂತ ಇಂಥದ್ದೇ ಇನ್ನೊಂದು ತಾಮ್ರದಲ್ಲಿ ಮಾಡಿಸಿ ಚಿನ್ನದ ಮುಲಾಮು ಹಾಕಿಸಿದ್ರಿ. ನಿಧೀಲಿ ಒರೆ ಹಚ್ಚಿ ನೋಡ್ತಾರೆ, ಅದಕ್ಕೆ ಅಸಲಿ ಅಲ್ಲಿಗೆ, ಇದು ಅಮ್ಮನ ಎದೆಗೆ ಅಂತ. ಮನೇಲಿ ಅವರು ಬಾಗಿಲು ಹಾಕ್ಕೊಂಡು ಪೂಜೆ ಮಾಡ್ತಾರೆ. ಅದಕ್ಕೇ ಮೂರು ವರ್ಷ ಆಗದ್ದು ನಿನ್ನೆ ಆಯ್ತು. ಬಯಲು ಮಂಟಪದಲ್ಲಿ ಲಿಂಗ ಅವರ ಅಂಗೈಲಿ, ಕರಡಿಗೆ ಪಕ್ಕದಲ್ಲಿ. ಹತ್ರ ಇದ್ದೋರು ನೀವೊಬ್ರೇ. ಲಿಂಗ ಅಂಗೈಲಿರೋವಾಗ ಕರಡಿಗೆ ಯಾರೂ ಕಾಯಲ್ಲ ಅಂತ ನಿಮಗೆ ಗೊತ್ತಿತ್ತು. ಅದಲು ಬದಲು ಮಾಡಿದ್ರಿ."

"ಲಿಂಗಕ್ಕೆ ಕೈ ಹಾಕ್ಲಿಲ್ಲ ನಾನು," ಎಂದ ರುದ್ರಸ್ವಾಮಿ. "ಆಣೆಗೂ ಹಾಕ್ಲಿಲ್ಲ. ಅದೆಲ್ಲಿ ಹೋಯ್ತು ಅಂತ ನಂಗೇ ಗೊತ್ತಾಗ್ಲಿಲ್ಲ."

"ಅದು ನಿಜ. ಹೊಸದರ ಕೊಕ್ಕೆ ಸಡಿಲ. ಮಹದೇವು ಕಂಕುಳಿಗೆ ಕೈ ಕೊಟ್ಟು ಎತ್ತಿದಾಗ ಒತ್ತಿ ಹೋಗಿ ತೆರೆದುಕೊಳ್ತು. ಕೂತಾಗ ಲಿಂಗ ಹುಲ್ಲಿಗೆ ಜಾರ್ತು. ತಾಮ್ರದ ತಗಡು ದಪ್ಪ ಇದೆ, ಲಿಂಗದ ಭಾರ ಇಳಿದದ್ದು ಅವರಿಗೆ ತಿಳೀಲಿಲ್ಲ. ಕಳ್ಳ ಚಿನ್ನ ಬಿಟ್ಟು ಹೋಗಿರ್ಲಿಲ್ಲ ರುದ್ರಸ್ವಾಮಿಯವರೇ, ಚಿನ್ನಾನೇ ತಗೊಂಡಿದ್ದ. ಲಿಂಗ ಕಳೆದದ್ದು ನಿಮ್ಮ ತಪ್ಪಲ್ಲ ಅಂತಾನೇ ಇಟ್ಕೊಳ್ಳೋಣ. ಆದ್ರೆ ಆಮೇಲೆ ಇವನ ಹೆಸರು ಹೇಳಿದ್ರಲ್ಲ?"

ರುದ್ರಸ್ವಾಮಿ ಮಹದೇವುವಿನ ಕಡೆ ನೋಡಲಾರದೆ ನೆಲ ನೋಡಿದ. ಕೋಟಿನೊಳಗಿಂದ ಕರಡಿಗೆ ತೆಗೆದ. ಅದರ ಕಮಲದ ಸಂದುಗಳಲ್ಲಿ ಬೆಳ್ಳಗೆ ವಿಭೂತಿ ಕೂತಿತ್ತು.

* * *

ಐದೂವರೆಗೆ ಮನೆ ಮುಟ್ಟಿದರು. ಚೆಲುವರಾಜು ಮಹದೇವುವನ್ನೂ ಕರೆತಂದಿದ್ದ.

ಪುಟ್ಟಬಸಮ್ಮ ಗೋಡೆಗೆ ಒರಗಿದ್ದರು. ಬಸಮ್ಮ ಅವರನ್ನು ಎತ್ತಿ ಕೂರಿಸಿದಳು. ಅವರು ಕರಡಿಗೆಯನ್ನು ಕೈಗೆ ತೆಗೆದುಕೊಂಡರು. ಹೆಬ್ಬೆರಳು ಅದರ ಅಂಚಿನ ಮೇಲೆ ಹರಿದು ಒಂದು ಕಡೆ ನಿಂತಿತು. ಅಲ್ಲಿ ಎರಡು ಸಣ್ಣ ತಗ್ಗುಗಳಿದ್ದವು.

"ರುದ್ರ, ಇಲ್ಲಿ ಮುಟ್ಟು."

ಅವನು ಮುಟ್ಟಿದ.

"ನಿಂಗೆ ಹಲ್ಲು ಬರೋವಾಗ ಎದೆ ಮೇಲೆ ಮಲಗಿ ಇದನ್ನೇ ಕಚ್ತಿದ್ದೆ. ನಿನ್ನೆ ಸಂಜೆ ಹುಡುಕ್ದೆ. ಈ ಗುರುತು ಇರ್ಲಿಲ್ಲ."

ಚೆಲುವರಾಜು ಬೆಚ್ಚಿದ. "ನಿನ್ನೆಯೇ ಗೊತ್ತಿತ್ತಾ ಅಮ್ಮ? ನನಗೆ ಹೇಳಬಾರದಿತ್ತಾ?"

"ಮಗನ ಹೆಸರ್ನ ಪೊಲೀಸ್ನೋರ ಹತ್ರ ಹೆಂಗಪ್ಪ ಹೇಳ್ಲಿ? ಅವನೇ ಬಂದು ಹೇಳ್ತಾನೆ ಅಂತ ಕಾದೆ." ಉಸಿರು ಎಳೆದುಕೊಂಡರು. "ಚಿನ್ನಕ್ಕೆ ಅಲ್ಲ ಕಣೋ ರುದ್ರ, ನಾನು ಕೊಡಲ್ಲ ಅಂದಿದ್ದು. ದೇಶಕ್ಕೆ ಬೇಕಾದ್ರೆ ನನ್ ಬಳೆ ಇತ್ತು. ಕಣ್ಣು ಕಾಣದೋಳಿಗೆ ನಿನ್ ಮಗುತನ ಉಳ್ದಿದ್ದು ಇದೊಂದ್ರಲ್ಲೇ."

ರುದ್ರಸ್ವಾಮಿ ತಾಯಿಯ ಕಾಲ ಮೇಲೆ ಮುಖವಿಟ್ಟು ಅತ್ತ.

ಪೂಜೆ ಮುಗಿಯಿತು. ಬಸಮ್ಮ ನೀರಿನ ಚೊಂಬು ಹಿಡಿದು ಬಂದಳು. ಪುಟ್ಟಬಸಮ್ಮ ಕೈ ಅಡ್ಡ ಹಿಡಿದರು.

"ಬಾಗಿಲಲ್ಲಿ ಇರೋರು ಯಾರು?"

"ಮಹದೇವು ಅಮ್ಮ. ಹರಿಗೋಲಿನವನು," ಎಂದ ಚೆಲುವರಾಜು. "ನಿನ್ನೆಯಿಂದ ಠಾಣೇಲಿದ್ದ. ಅವನೂ ಏನೂ ಉಂಡಿಲ್ಲ."

ಮುದುಕಿಯ ಮುಖ ಬಾಡಿತು. ಮೌನವಾಗಿ ಕಾದ ತಮ್ಮ ಹಟದ ಬೆಲೆಯನ್ನು ಇನ್ನೊಬ್ಬ ತೆತ್ತಿದ್ದ.

"ನಂದೂ ತಪ್ಪಾಯ್ತಪ್ಪ, ಮಗ," ಎಂದು ಬಾಗಿಲ ಕಡೆ ಕೈ ಮುಗಿದರು. "ರುದ್ರ, ಏಳು. ನಾಳೆ ಸಭೇಲಿ ನನ್ ಬಳೆ ಕೊಟ್ಟು, ನಡೆದಿದ್ದೆಲ್ಲ ಬಾಯಿಬಿಟ್ಟು ಹೇಳು. ಈಗ ಮೊದ್ಲು ಎಲೆ ಹಾಕು. ನೀನೇ ಬಡಿಸು."

ಮೊದಲ ಸಾಲಿನಲ್ಲಿ ಕೂರುವ ರುದ್ರಸ್ವಾಮಿ ಕೋಟು ಬಿಚ್ಚಿದ. ಎಲೆ ಹಾಕಿದ. ಅನ್ನ ಬಡಿಸಿ, ಸಾರು ಹುಯ್ದು, ಎದುರಿಗೇ ಕೂತ. ಮಹದೇವು ಸಂಕೋಚದಿಂದ ಒಂದು ತುತ್ತು ಕಲಸಿ ಬಾಯಿಗಿಟ್ಟ.

ಅವನು ಅಗಿಯುವ ಸದ್ದು ಕೇಳಿದ ಮೇಲೆ ಪುಟ್ಟಬಸಮ್ಮ ಚೊಂಬಿಗೆ ಕೈ ಚಾಚಿದರು.