ಬ್ಯಾಗ್ ಕಾಯಲು ಒಪ್ಪದ ದೀಪಾ

"ಬ್ಯಾಗ್ ಕಾಯಾಕ ದೀಪಾ ಮೇಡಂ ಇರ್ತಾರ."

ವೀರೇಶ ಮೊಬೈಲ್ ನೋಡುತ್ತ ಓದಿದ ಆ ಒಂದು ಸಾಲಿಗೆ ಸಿಂಧನೂರಿನ ಶಾಲೆಯ ಸ್ಟಾಫ್ ರೂಮಿನಲ್ಲಿದ್ದವರೆಲ್ಲ ದೀಪಾಳ ಕಡೆ ತಿರುಗಿದರು.

ದೀಪಾ ಮಸ್ಕಿಯವಳು. ಈ ಶಾಲೆಗೆ ವಿಜ್ಞಾನದ ಶಿಕ್ಷಕಿಯಾಗಿ ಬಂದು ಕೆಲವೇ ತಿಂಗಳಾಗಿತ್ತು. ಚಿಕ್ಕಂದಿನಲ್ಲಿ ಟ್ರ್ಯಾಕ್ಟರಿನಿಂದ ಬಿದ್ದಾಗಿನಿಂದ ಎಡಗಾಲು ಕುಂಟು. ಲಿಂಗಸುಗೂರಿನಿಂದ ಓಡಾಡುವ ಗಣಿತದ ಮೇಷ್ಟ್ರು ವೀರೇಶ ಇದುವರೆಗೆ ಅವಳೊಂದಿಗೆ ಮಾತಾಡಿರಲಿಲ್ಲ. ಆಡಿದ ಮೊದಲ ಮಾತೇ ಇದು...

ದಸರಾ ರಜೆಯಲ್ಲಿ ಶಿಕ್ಷಕರೆಲ್ಲ ಹೈದರಾಬಾದಿನ ಥೀಮ್ ಪಾರ್ಕಿಗೆ ಹೊರಟಿದ್ದರು. ಯಾವ ಆಟ ಮೊದಲು, ಯಾವುದು ಆಮೇಲೆ ಎಂದು ಲೆಕ್ಕ ಹಾಕಿದವನು ವೀರೇಶ.

"ನಾನs ಯಾಕ್ರೀ ಸರ್?" ದೀಪಾ ಎದ್ದು ನಿಂತಳು.

"ಗದ್ದಲ ಭಾಳ ಇರ್ತದ್ರೀ. ಪಾಳ್ಯಾಗ ತಾಸುಗಟ್ಲೆ ನಿಂದ್ರಬೇಕು..."

"ಕ್ಲಾಸಿನ್ಯಾಗ ದಿನಾ ನಿಂತs ಪಾಠ ಮಾಡ್ತೀನಿ. ಪಾಳ್ಯಾಗ ನಿಂದ್ರಾಕ ಬರಂಗಿಲ್ಲೇನು?"

ಹೆಡ್ ಮಾಸ್ಟರ್ ಬಸವಂತರಾಯರು ನಡುವೆ ಬಂದರು. "ನಿನ್ನ ಒಳ್ಳೇದಕ್ಕ ಹೇಳ್ಯಾನವಾ."

"ನನ್ನ ಒಳ್ಳೇದು ನನ್ನ ಕೇಳಿ ಮಾಡ್ರಿ ಸರ್."

ಹೊರಗೆ ಬಂದಾಗ ಅವಳ ಕಣ್ಣು ಉರಿಯುತ್ತಿತ್ತು. ಅಳಲಿಲ್ಲ. 'ನಾನು ಇಡೀ ಪಾರ್ಕ್ ನೋಡಿಯೇ ಬರುತ್ತೇನೆ' ಎಂದುಕೊಂಡಳು. ಮರುದಿನವೇ ಪಾರ್ಕಿಗೆ ಫೋನ್ ಮಾಡಿ ತನಗೆ ಯಾವ ಆಟ ಆಡಲು ಬಿಡುತ್ತಾರೆ, ಗದ್ದಲ ಎಲ್ಲಿ, ಯಾವಾಗ ಹೆಚ್ಚು ಎಂದೆಲ್ಲ ಕೇಳಿ ತಿಳಿದುಕೊಂಡಳು.

ಪಾರ್ಕಿನ ಬಾಗಿಲು ತೆರೆದಾಗ ಜನ ಹೊಳೆಯಂತೆ ನುಗ್ಗಿತು. ಎಲ್ಲರೂ ಎದುರಿಗೇ ಕಂಡ ದೊಡ್ಡ ಆಟದ ಕಡೆ ಓಡಿದರು. ಶಾಲೆಯವರೂ ಓಡಿದರು. ದೀಪಾ ತನ್ನ ಬ್ಯಾಗನ್ನು ಲಾಕರಿನಲ್ಲಿಟ್ಟು, ಜೊತೆಗಾತಿ ರಹೀಮಾಬೀ ಟೀಚರ ಕೈ ಹಿಡಿದಳು.

"ಆಪಾ, ನಾವು ಹಿಂದಿನ ತುದಿಯಿಂದ ಶುರು ಮಾಡೂಣು."

"ಅಷ್ಟು ದೂರ ನಡೀತಿಯೇನಬೇ?"

"ನಿಧಾನಕ್ಕ ನಡೀತೀನಿ. ಅಲ್ಲಿ ಈಗ ಯಾರೂ ಇರಂಗಿಲ್ಲ."

ಇರಲಿಲ್ಲ. ಒಂದರ ಹಿಂದೊಂದು ಆಟ ಆಡಿದರು. ಉಳಿದವರಿಗೆ ಹಸಿವಾಗುವ ಮೊದಲೇ ಊಟ ಮುಗಿಸಿದರು. ಜನವೆಲ್ಲ ಊಟಕ್ಕೆ ಹೋದಾಗ ಎದುರಿನ ದೊಡ್ಡ ಆಟದ ಪಾಳಿಗೆ ಬಂದು ನಿಂತರು. ರಹೀಮಾಬೀ ಆ ಎತ್ತರ ನೋಡಿ, "ಇದಕ್ಕ ನಾ ಒಲ್ಲೆವಾ" ಎಂದು ನೆರಳಿಗೆ ಹೋದಳು.

ಅಷ್ಟರಲ್ಲಿ ವೀರೇಶ ಬಂದ. ಬೆಳಿಗ್ಗೆಯೆಲ್ಲ ಬಿಸಿಲಿನಲ್ಲಿ ಸುತ್ತಿ ಮುಖ ಕೆಂಪಾಗಿತ್ತು.

"ಮೇಡಂ, ನಿಮ್ಮನ್ನ ಹುಡುಕಾಕತ್ತೀನಿ."

"ಬ್ಯಾಗ್ ಕಾಯಾಕೇನು? ಲಾಕರ್ ಅದಾವ್ರಿ ಇಲ್ಲಿ. ನಿಮಗ ಗೊತ್ತಿರಲಿಲ್ಲೇನು?"

ಅವನು ತಲೆ ತಗ್ಗಿಸಿದ. "ಗೊತ್ತಿತ್ತು."

"ಮತ್ತ?"

"ಬ್ಯಾಗಿನ ಕಡೆ ನಾನೂ ಕೂಡಾಂವಿದ್ದೆ. ಮುಂದಿನ ಸಾಲಿನ್ಯಾಗ ನನ್ನ ಹೆಸರಿತ್ತು, ಅದನ್ನ ಓದೂದ್ರಾಗ ನೀವು ಎದ್ದು ನಿಂತ್ರಿ. ನಿಮ್ಮ ಕೂಡ ಒಂದಿಷ್ಟು ಮಾತಾಡಬೇಕಂತ... ಸ್ಕೂಲಿನ್ಯಾಗ ಧೈರ್ಯ ಆಗಲಿಲ್ಲ."

ದೀಪಾ ಅವನ ಮುಖ ನೋಡಿದಳು. ಕರುಣೆಯಲ್ಲ, ಪ್ರೀತಿ! ಆದರೂ ಸಿಟ್ಟು ಇಳಿಯಲಿಲ್ಲ.

"ಅಂದ್ರ ನಿಮಗ ಮಾತಾಡಬೇಕಂತ, ನಾ ದಿನ ಪೂರಾ ಒಂದs ಕಡೆ ಕುಂದರಬೇಕಾಗಿತ್ತೇನು?"

"ತಪ್ಪಾತ್ರಿ" ಎಂದ ವೀರೇಶ. ನೆಪ ಹೇಳಲಿಲ್ಲ.

ಪಾಳಿ ಮುಂದೆ ಸರಿಯಿತು. ಅವಳು ಸರಿದಳು. ಪಕ್ಕದಲ್ಲಿ ಅವನಿಗೂ ಜಾಗ ಬಿಟ್ಟಳು.

"ನಾಳೆ ಲಗ್ನದ ಮಾತು ಬಂದಾಗ ನಿಮ್ಮನಿಯವರು ಆಕಿ ಕುಂಟಿ ಅಂದ್ರ?"

"ನಿನ್ನೆ ಹೊರಡೂ ಮುಂದ ಅವ್ವಗ ಎಲ್ಲಾ ಹೇಳೀನಿ."

"ಏನಂದ್ರು?"

"'ಆಕಿ ನಿನ್ನ ಒಪ್ಪ್ಯಾಳೇನೋ?' ಅಂದ್ಲು. ಇನ್ನಾ ಕೇಳಿಲ್ಲ ಅಂದೆ."

ದೀಪಾ ನಗು ತಡೆಯಲು ತುಟಿ ಕಚ್ಚಿದಳು. ಆಗಲಿಲ್ಲ.

"ಹಂಗಾದ್ರ ಲಗೂನ ಕೇಳ್ರಿ. ಮುಂದಿನ ಪಾಳಿ ನಮ್ಮದು."

"ದೀಪಾ... ನನ್ನ ಲಗ್ನ ಆಗ್ತೀರೇನ್ರಿ?"

"ಆಗ್ತೀನಿ. ಮ್ಯಾಲೆ ಹೋದಾಗ ಚೀರಬಾರದು, ಅಷ್ಟs."

"ಚೀರತೀನ್ರಿ. ನನಗ ಎತ್ತರ ಅಂದ್ರ ಭಾಳ ಅಂಜಿಕಿ."

"ಮತ್ತ್ಯಾಕ ಬಂದ್ರಿ?"

"ನೀವು ಇಲ್ಲಿ ಅದೀರಲ್ಲ..."

ದೀಪಾ ಮೊದಲು ಹತ್ತಿ ಕುಳಿತಳು. ಆಮೇಲೆ ಕೈ ಚಾಚಿ, "ಬಾ" ಎಂದಳು.