ಮೂವತ್ತೆಂಟು ಒಲೆಗಳ ಊರು

ಲಂಡನ್ನಿನ ಅಂಚಿನ ಅಕ್ಸ್‌ಬ್ರಿಡ್ಜ್ ಪಟ್ಟಣದ ಚರಿತ್ರೆಯಲ್ಲಿ ಮುರಿದುಬಿದ್ದ ಮಹಾ ಸಂಧಾನಗಳು ಎರಡು. ಮೊದಲನೆಯದು 1645ರ ಚಳಿಗಾಲದ್ದು. ಇಂಗ್ಲೆಂಡಿನ ರಾಜನ ಕಡೆಯವರೂ ಪಾರ್ಲಿಮೆಂಟಿನ ಕಡೆಯವರೂ ಇಪ್ಪತ್ತು ದಿನ ಎದುರುಬದುರು ಕೂತು, ಒಂದಕ್ಕೂ ಒಪ್ಪದೆ ಎದ್ದುಹೋದರು. ದೇಶ ಮತ್ತೆ ಕತ್ತಿ ಹಿಡಿಯಿತು. ಎರಡನೆಯದು ಈ ವರ್ಷದ ಏಪ್ರಿಲ್ ತಿಂಗಳದ್ದು. ಆ ಹಳೆಯ ಸಂಧಾನ ನಡೆದ ಕಟ್ಟಡದಿಂದ ಹತ್ತು ನಿಮಿಷ ನಡೆದರೆ ಸಿಗುವ ಮನೆಯೊಂದರಲ್ಲಿ ಅತ್ತೆ ನೀಲವ್ವನಿಗೂ ಸೊಸೆ ವಂದನಾಳಿಗೂ ನಡುವೆ ನಡೆದದ್ದು. ವಿಷಯ: ಊಟದ ಮೇಜು ಯಾರಿಗೆ ಸೇರಿದ್ದು? ಮೊದಲನೆಯದರ ಬಗ್ಗೆ ಪುಸ್ತಕಗಳು ಬೇಕಾದಷ್ಟಿವೆ. ಎರಡನೆಯದಕ್ಕೆ ಇದೊಂದೇ ದಾಖಲೆ.

ಒಪ್ಪಂದವೇನೋ ಆಗಿತ್ತು. ಕಿಟಕಿಯ ಕಡೆಯ ಅರ್ಧ ವಂದನಾಳ ಕಾಗದಗಳಿಗೆ, ಅಡುಗೆಮನೆಯ ಕಡೆಯ ಅರ್ಧ ನೀಲವ್ವನ ರೊಟ್ಟಿಗಳಿಗೆ. ನಡುವೆ ನೀಲಿ ಟೇಪಿನ ಗಡಿ. ಟೇಪ್ ಅಂಟಿಸಿದವನು ಶಶಿಧರ. ಒಬ್ಬಳಿಗೆ ಮಗ, ಇನ್ನೊಬ್ಬಳಿಗೆ ಗಂಡ. ಅಂಟಿಸಿದ ಮರುಕ್ಷಣವೇ ಲ್ಯಾಪ್‌ಟಾಪ್ ಎತ್ತಿಕೊಂಡು ಮಹಡಿ ಹತ್ತಿದ ಆತ ಅಂದಿನಿಂದ ತಟಸ್ಥ ರಾಷ್ಟ್ರವಾಗಿ ಬಾಳುತ್ತಿದ್ದ.

ಗಂಡ ಮಹಾಲಿಂಗಪ್ಪ ತೀರಿಕೊಂಡ ಮೇಲೆ ನೀಲವ್ವ ವಿಜಯಪುರದ ಕಡೆಯ ಹಳ್ಳಿ ಬಿಟ್ಟು ಮಗನ ಮನೆಗೆ ಬಂದು ನಾಲ್ಕು ವರ್ಷವಾಗಿತ್ತು. ಲಂಡನ್ನಿನಲ್ಲಿರುವ ಉತ್ತರ ಕರ್ನಾಟಕದ ಕುಟುಂಬಗಳು ಸೇರಿ ಮಾಡುವ ಬಸವ ಜಯಂತಿಗೆ ತಿಂಗಳುಗಟ್ಟಲೆ ಕೆಡದ ಐನೂರು ಕಟಕ್ ರೊಟ್ಟಿ ಮಾಡಿಕೊಡುತ್ತೇನೆಂದು ಆಕೆ ಒಪ್ಪಿಕೊಂಡಿದ್ದಳು. ಮೂರು ವಾರದಿಂದ ದಿನಕ್ಕೆ ಇಪ್ಪತ್ತನಾಲ್ಕು ಬಡಿದು, ಬೇಯಿಸಿ, ರೇಡಿಯೇಟರ್ ಪಕ್ಕದ ಮೇಜಿನ ಮೇಲೆ ಹರಡಿ ಒಣಗಿಸುತ್ತಿದ್ದಳು. ಮನೆಯ ತುಂಬ ಜೋಳದ ಹಿಟ್ಟಿನ ವಾಸನೆ.

ವಂದನಾ ರಾಜಾಜಿನಗರದ ಹುಡುಗಿ. ಐಟಿ ಕೆಲಸಕ್ಕೆಂದು ವೀಸಾ ಪಡೆದು ಬಂದವಳು, ಆರು ವರ್ಷದ ಹಿಂದೆ ಆ ಕೆಲಸ ಬಿಟ್ಟು ಪಿಎಚ್‌ಡಿಗೆ ಸೇರಿದಳು. ವಿಷಯ: ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ಸೈನ್ಯಗಳು ಊಟಕ್ಕೇನು ಮಾಡಿದವು. ಯಾವ ಕದನದಲ್ಲಿ ಯಾರು ಗೆದ್ದರೆಂದು ಬರೆದವರು ಸಾವಿರ ಜನ; ಗೆದ್ದವರ ಹೊಟ್ಟೆ ತುಂಬಿಸಿದವರು ಯಾರೆಂದು ಕೇಳಿದವರು ಬೆರಳೆಣಿಕೆ. ಆ ಬೆರಳುಗಳಲ್ಲಿ ತಾನೂ ಒಂದಾಗಬೇಕೆಂದು ಹೊರಟವಳಿಗೆ ಕಳೆದ ವರ್ಷ ಪರೀಕ್ಷಕರು ಪ್ರಬಂಧ ಹಿಂದಿರುಗಿಸಿದ್ದರು. ನಾಲ್ಕನೆಯ ಅಧ್ಯಾಯ ನಿಂತಿದ್ದ ದಾಖಲೆಯೇ ಸುಳ್ಳಿರಬೇಕೆಂದು ಅವರ ಅಭಿಪ್ರಾಯ. ಸರಿಪಡಿಸಿ ಸಲ್ಲಿಸಲು ಒಂದೇ ಒಂದು ಅವಕಾಶ, ಅದು ತಪ್ಪಿದರೆ ಮತ್ತೊಂದಿಲ್ಲ. ಸಲ್ಲಿಸಬೇಕಾದ ದಿನ ಶುಕ್ರವಾರ.

ಮಂಗಳವಾರ ಮಧ್ಯಾಹ್ನ ಲೈಬ್ರರಿಯಿಂದ ಬಂದ ವಂದನಾ ಬಾಗಿಲು ತೆರೆದು, ಕೋಟು ಬಿಚ್ಚುವುದನ್ನೂ ಮರೆತು ನಿಂತುಬಿಟ್ಟಳು. ರೊಟ್ಟಿಗಳು ಗಡಿ ದಾಟಿದ್ದವು. ಬರೇ ದಾಟಿರಲಿಲ್ಲ, ಆ ಹಳೆಯ ದಾಖಲೆಯನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ, ಸಾಲುಸಾಲಿನ ಪಕ್ಕ ಪೆನ್ಸಿಲ್ಲಿನಲ್ಲಿ ಟಿಪ್ಪಣಿ ಬರೆದಿದ್ದ ಹಾಳೆಗಳನ್ನೇ ಹಾಸಿಗೆ ಮಾಡಿಕೊಂಡು ಹಾಯಾಗಿ ಮಲಗಿದ್ದವು!

"ಅತ್ತೆ... ಏನ್ಮಾಡಿದ್ದೀರ ಇದು?"

"ಯಾಕವಾ, ಏನಾತು?" ಒಲೆಯ ಮುಂದಿನಿಂದಲೇ ನೀಲವ್ವ ಕೇಳಿದಳು. "ಓದಾಕ ಬರದಂಥಾ ಅಕ್ಷರ. ಕೆಟ್ಟ ಪ್ರಿಂಟ್ ಅನಕೊಂಡೆ. ರೊಟ್ಟಿ ಹಾಸೂ ಅರಿವಿ ಎಲ್ಲಾ ಹಸಿ ಅದಾವು, ಈ ದೇಶದಾಗ ಒಂದ ಬಿಸಿಲ ಐತೇನು?"

"ಅದು ನಾನೂರು ವರ್ಷದ ಹಳೇ ಕೈಬರಹ ಅತ್ತೆ! ಆ ಪೆನ್ಸಿಲ್ ಬರಹ ನನ್ನ ಎರಡು ವರ್ಷ! ನೋಡಿ, ಹಸಿ ರೊಟ್ಟಿ ಉಜ್ಜಿ ಎಲ್ಲ ಅಳಿಸಿ ಹೋಗಿದೆ... ಇನ್ನು ಮೂರೇ ದಿನ ಇದೆ ನನಗೆ... ಮೂರೇ ದಿನ!"

ಅವಳು ಒಂದೊಂದೇ ರೊಟ್ಟಿ ಎತ್ತಿ ಪಕ್ಕಕ್ಕಿಡತೊಡಗಿದಳು. ಸಿಟ್ಟಿನಲ್ಲಿ ಎತ್ತಿದರೂ ಒಂದನ್ನೂ ಮುರಿಯಲಿಲ್ಲ ಎಂಬುದನ್ನು ನೀಲವ್ವ ಗಮನಿಸಿದಳು. ಹೇಳಿದ್ದು ಬೇರೆ.

"ಅಳಿಸಿದ್ರ ಅಳಸ್ಲಿ ಬಿಡು. ಶುಕ್ರವಾರ ಆದ ಮ್ಯಾಲೆ ಹೆಂಗೂ ಎಲ್ಲಾ ಕಟ್ಟಿ ಅಟ್ಟದ ಮ್ಯಾಲೆ ಇಡೂದs ಐತಿ. ವಿಮಾನ ನಿಲ್ದಾಣದ ಆಫೀಸಿನಾಗ ಕೆಲಸ ಖಾಲಿ ಐತಂತ. ಶಶೀನೂ ಹೂಂ ಅಂದಾನ."

ಮಹಡಿಯ ಮೆಟ್ಟಿಲ ಮೇಲೆ ಚಹಾಕ್ಕೆಂದು ಇಳಿಯುತ್ತಿದ್ದ ತಟಸ್ಥ ರಾಷ್ಟ್ರ ಅರ್ಧಕ್ಕೇ ನಿಂತಿತು.

"ಹೂಂ ಅಂದ್ರಾ ನೀವು?" ವಂದನಾಳ ದನಿ ಸಣ್ಣಗಾಯಿತು. "ನನ್ನ ಒಂದು ಮಾತು ಕೇಳದೆ?"

"ವಂದೂ, ನಾನು 'ನೋಡೋಣ' ಅಂದಿದ್ದೆ ಅಷ್ಟೆ..."

"ಅಮ್ಮನಿಗೆ 'ನೋಡೋಣ' ಅಂದ್ರೆ ಹೂಂ ಅಂತಲೇ ಅರ್ಥ ಅಂತ ನಲವತ್ತು ವರ್ಷದಿಂದ ಗೊತ್ತಿಲ್ವಾ ನಿಮಗೆ?"

ಶಶಿಧರ ಒಂದು ಮೆಟ್ಟಿಲು ಹಿಂದಕ್ಕೆ ಹತ್ತಿದ. ವಂದನಾ ಕುರ್ಚಿಯಲ್ಲಿ ಕುಸಿದು ಕೂತಳು. ಅಳಬಾರದೆಂದುಕೊಂಡವಳಿಗೆ ಅಳು ಉಕ್ಕಿ ಬಂತು. ಅಳಿಸಿಹೋದ ಪೆನ್ಸಿಲ್ಲಿಗಾಗಿ ಬಂದ ಅಳುವೂ ಅಲ್ಲ ಅದು. ಮೂಲದ ಚಿತ್ರವಂತೂ ಕಂಪ್ಯೂಟರಿನಲ್ಲಿ ಭದ್ರವಾಗಿತ್ತು. ಒಂದು ವರ್ಷ ತಲೆ ಒಡೆದುಕೊಂಡರೂ ಆ ದಾಖಲೆ ನಿಜವೆಂದು ತೋರಿಸುವ ಒಂದು ದಾರಿಯೂ ಅವಳಿಗೆ ಕಂಡಿರಲಿಲ್ಲ. ಆರು ವರ್ಷ! ತೌರಿನವರ ಮದುವೆ ಮುಂಜಿ ಬಿಟ್ಟು, ಹಬ್ಬ ಬಿಟ್ಟು, ಕಣ್ಣು ಕೆಡಿಸಿಕೊಂಡ ಆರು ವರ್ಷ...

"ಸರಿ ಅತ್ತೆ," ಎಂದಳು ಬಿಕ್ಕುತ್ತ. "ನೀವೇ ಗೆದ್ರಿ. ಅಟ್ಟಕ್ಕೇ ಇಡ್ತೀನಿ. ಪ್ರಬಂಧ ವಾಪಸ್ ತಗೋತೀನಿ ಅಂತ ಇವತ್ತೇ ಬರೆದು ಹಾಕ್ತೀನಿ."

ಗೆದ್ದವರು ಹಿಗ್ಗಬೇಕು. ನೀಲವ್ವ ಹಿಗ್ಗಲಿಲ್ಲ. ಎದುರಾಳಿ ಇಷ್ಟು ಬೇಗ ಕೈಚೆಲ್ಲಿದ್ದು ಆಕೆಗೆ ಯಾಕೋ ಸರಿಬರಲಿಲ್ಲ. ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ಎದುರಿಗೆ ಕೂತಳು.

"ಹಿಂತಾದ್ದೇನ ಬರದೈತವಾ ಇದರಾಗ? ಹೇಳರೆ ಹೇಳು."

"ಒಂದು ಊರು ಅತ್ತೆ. ಮೂವತ್ತೆಂಟು ಮನೆ, ಮೂವತ್ತೆಂಟು ಒಲೆ. ಯುದ್ಧ ನಡೀತಿದೆ. ಒಂದು ದಿನ ಬೆಳಿಗ್ಗೆ ಸೈನ್ಯ ಆ ದಾರೀಲಿ ಬರುತ್ತೆ. ಆವತ್ತು ಆ ಊರಿನವರು ಎರಡು ಸಾವಿರದ ನಾನೂರು ಬ್ರೆಡ್ ಕೊಟ್ರು ಅಂತ ಈ ಪಟ್ಟೀಲಿದೆ. ಅಷ್ಟು ಚಿಕ್ಕ ಊರು ಒಂದು ದಿನದಲ್ಲಿ ಅಷ್ಟು ಸುಡೋಕೆ ಸಾಧ್ಯಾನೇ ಇಲ್ಲ ಅಂತಾರೆ ಪರೀಕ್ಷಕರು. ತೂಕಾನೂ ಬರೆದಿದೆ. ಒಂದೊಂದು ಬ್ರೆಡ್ಡೂ ಇರಬೇಕಾದ ತೂಕದ ಮೂರರಲ್ಲಿ ಎರಡು ಪಾಲು ಅಷ್ಟೇ. ಹಾಗಾಗಿ ಪಟ್ಟೀನೇ ಕಟ್ಟುಕತೆ ಅಂತೆ."

ನೀಲವ್ವ ಒಂದು ಕ್ಷಣ ಸೊಸೆಯ ಮುಖವನ್ನೇ ನೋಡಿದಳು. ಆಮೇಲೆ ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

"ನಗಬೇಡಿ ಅತ್ತೆ..."

"ನಿನಗಲ್ಲವಾ ನಗೂದು, ಆ ಶಾಣ್ಯಾರಿಗೆ! ಒಂದ ದಿನ ಮಾಡ್ಯಾರಂತ ಯಾರು ಹೇಳಿದ್ರು? ಒಂದ ದಿನ *ಕೊಟ್ಟಾರ*. ನಮ್ಮೂರ ಮಠದ ದಾಸೋಹಕ್ಕ ಹನ್ನೆರಡು ಸಾವಿರ ರೊಟ್ಟಿ ಒಂದ ಮುಂಜಾನಿ ಟ್ರ್ಯಾಕ್ಟರ್ ತುಂಬಿಸಿ ಕಳಿಸೀವಿ. ಆ ಮುಂಜಾನಿ ಬಡದ್ವೇನು? ತಿಂಗಳ ಮದಲs ಮನಿಮನಿಗೆ ಹಿಟ್ಟು ಹಂಚಿದಾಕಿ ನಾನು. ಯಾರ ಮನಿಯಿಂದ ಎಷ್ಟು ಬರಬೇಕಂತ ಗ್ವಾಡಿ ಮ್ಯಾಲೆ ಇದ್ದಲಿಲೆ ಗೀಟು ಹಾಕಿದಾಕಿ ನಾನು. ನಮ್ಮತ್ತಿ ಚನ್ನಬಸವ್ವ ಆ ಗ್ವಾಡಿಗೆ ಸುಣ್ಣಾ ಹಚ್ಚಿಸಿಬಿಟ್ಲು, ಗ್ವಾಡಿ ಹೊಲಸ ಮಾಡಿದೆ ಅಂತ ಬೈದು." ನೀಲವ್ವನ ನಗು ನಿಂತಿತು. "ಮಠದ ಪುಸ್ತಕದಾಗ ಏನ ಬರದ್ರು ಗೊತ್ತೇನು? ಇಂಥಾ ಊರಿಂದ ಹನ್ನೆರಡು ಸಾವಿರ ರೊಟ್ಟಿ, ಇಂಥಾ ತಾರೀಕು. ಅಷ್ಟs. ನಾನೂರು ವರ್ಷ ಆದ ಮ್ಯಾಲೆ ಅದನ್ನ ಓದಿದಂವ ಏನಂತಾನ? ಸುಳ್ಳು ಅಂತಾನ..."

ವಂದನಾ ಮೇಜನ್ನು ನೋಡಿದಳು. ಮೂರು ವಾರದ ರೊಟ್ಟಿಗಳು, ಗೋಡೆಗುಂಟ ಜೋಡಿಸಿದ ಡಬ್ಬಿಗಳು. ಬಸವ ಜಯಂತಿಯ ಒಂದೇ ಮಧ್ಯಾಹ್ನಕ್ಕೆ ಕೊಡಲಿರುವ ಐನೂರು. ಮೂರು ವಾರದಿಂದ ತನ್ನ ನಾಲ್ಕನೆಯ ಅಧ್ಯಾಯದ ಪಕ್ಕದಲ್ಲೇ ಅವು ಒಣಗುತ್ತಿದ್ದವು. ತಾನು ನೀಲಿ ಟೇಪು ಕಾಯುತ್ತ ಕೂತಿದ್ದಳು!

"ಅತ್ತೆ... ತೂಕ?"

"ಒಣಗಿದ್ರ ಇಳೀದs ಇರತೈತೇನು? ಏ ಶಶಿ, ಅಲ್ಲೇನ ಗೊಂಬಿ ಹಂಗ ನಿಂತಿ? ತಕ್ಕಡಿ ತಾ!"

ಶಶಿಧರ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ತಂದಿಟ್ಟ. ಅದೇ ತಾನೇ ಹಂಚಿನಿಂದ ಇಳಿದಿದ್ದ ರೊಟ್ಟಿ ಎಂಬತ್ತೊಂದು ಗ್ರಾಂ. ಒಣಗಿದ್ದು ಐವತ್ತನಾಲ್ಕು. ವಂದನಾ ಅಳು ಮರೆತು ಲೆಕ್ಕ ಹಾಕಿದಳು. ಮೂರರಲ್ಲಿ ಎರಡು ಪಾಲು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

"ಅವರು ಎರಡು ಸಲ ಸುಟ್ಟು ಒಣಗಿಸಿದ ಬ್ರೆಡ್ ಕೊಟ್ಟಿದ್ದಾರೆ," ಎಂದಳು ತನಗೇ ಹೇಳಿಕೊಳ್ಳುವಂತೆ. "ಕೆಡದೆ ಇರೋದು."

"ಮನಿಗೆ ಅರವತ್ಮೂರು ಬೀಳತೈತಿ," ನೀಲವ್ವ ಆಗಲೇ ಬಾಯಲ್ಲೇ ಭಾಗಿಸಿ ಮುಗಿಸಿದ್ದಳು. "ದಿನಾ ಮೂರು ಹೆಚ್ಚಿಗಿ ಮಾಡಿದ್ರ ಮೂರು ವಾರ. ಉಳಿದ ಆರು ಯಾರೋ ಗಟ್ಟಿಗಿತ್ತಿ ಹಾಕಿರಬೇಕು. ಆದ್ರ ಇದಕ್ಕೆಲ್ಲಾ ಹೆಚ್ಚಿಗಿ ಕಟ್ಟಿಗಿ ಬೇಕವಾ. ಅದಕ್ಕ ಹಿಂದಿನ ತಿಂಗಳದಾಗ ಆ ಊರಾಗ ಯಾರದರೆ ಕಟ್ಟಿಗಿ ಕಳುವಾಗಿತ್ತೇನು, ಅದನ್ನ ನೋಡು ಮದಲ. ನಾವು ಗೌಡರ ಬೇಲಿ ಕಡದಿದ್ವಿ."

ವಂದನಾ ಲ್ಯಾಪ್‌ಟಾಪ್ ತೆರೆದಳು. ಪಟ್ಟಿ ಸಿಕ್ಕ ಅದೇ ಕಟ್ಟಿನಲ್ಲಿ, ಯುದ್ಧಕ್ಕೂ ಇದಕ್ಕೂ ಏನು ಸಂಬಂಧವೆಂದು ಅವಳು ಎರಡು ವರ್ಷದ ಹಿಂದೆ ಬದಿಗೆ ಸರಿಸಿದ್ದ ಹಾಳೆಗಳಿದ್ದವು. ಒಂದು ಗಂಟೆ ಹುಡುಕಿದಳು. ಅತ್ತೆ ಪಕ್ಕದಲ್ಲಿ ಕೂತು, ಒಂದಕ್ಷರ ತಿಳಿಯದಿದ್ದರೂ, ಪರದೆಯತ್ತ ಬಗ್ಗಿ ನೋಡುತ್ತಿದ್ದಳು. ಆಮೇಲೆ ವಂದನಾಳ ಬೆರಳು ನಿಂತಿತು.

ಊರಿನ ಜಮೀನುದಾರನ ದೂರು. ಊರ ಹೆಂಗಸರು ಗುಂಪುಕಟ್ಟಿ ಬಂದು ತನ್ನ ಬೇಲಿಯನ್ನೆಲ್ಲ ಕಡಿದು ಒಲೆಗೆ ಒಯ್ದರೆಂದು ಆತ ಗೋಳಾಡಿದ್ದ. ತಾರೀಕು: ಸೈನ್ಯ ಬಂದ ದಿನಕ್ಕೆ ಇಪ್ಪತ್ತೆರಡು ದಿನ ಮೊದಲು.

"ಅತ್ತೆ!" ವಂದನಾ ಕೂಗಿಯೇಬಿಟ್ಟಳು. "ಆ ಸೈನ್ಯ ಹಿಂದಿನ ಸಂಜೆಯಷ್ಟೇ ದಾರಿ ಬದಲಿಸ್ತು, ಅದು ಅವಸರದ ತೀರ್ಮಾನ ಅಂತ ಇದುವರೆಗೂ ಎಲ್ಲರೂ ಬರೆದಿದ್ದಾರೆ. ಆದರೆ ಆ ಊರ ಹೆಂಗಸರಿಗೆ ಮೂರು ವಾರ ಮೊದಲೇ ಗೊತ್ತಿತ್ತು! ಇದು ಯೋಜನೆ ಹಾಕಿ ಮಾಡಿದ ದಂಡಯಾತ್ರೆ!"

"ದಂಡು ಬರೂದು ದಂಡಿನವರಿಗಿಂತ ಮದಲ ರೊಟ್ಟಿ ಬಡಿಯಾಕಿಗೆ ಗೊತ್ತಾಗಬೇಕಲ್ಲವಾ," ಎಂದಳು ನೀಲವ್ವ. ಇದರಲ್ಲಿ ಆಶ್ಚರ್ಯಪಡುವಂಥದ್ದೇನಿದೆ ಎಂಬುದು ಆಕೆಗೆ ತಿಳಿಯಲಿಲ್ಲ. ಆದರೆ ಸೊಸೆ ಎದ್ದು ಬಂದು ಕುತ್ತಿಗೆಗೆ ಕೈಹಾಕಿ ತಬ್ಬಿಕೊಂಡಾಗ, ನಾಲ್ಕು ವರ್ಷದಲ್ಲಿ ಮೊದಲ ಸಲ, ಆಕೆ ದೂರ ಸರಿಯಲಿಲ್ಲ. ಹಿಟ್ಟಿನ ಕೈಯಲ್ಲೇ ಬೆನ್ನು ಸವರಿದಳು. "ನಾ ಭಾಳ ಅಂದೆ ನಿನಗ... ಬ್ಯಾರೇದವರು ನಮ್ಮತ್ತಿ ಹಂಗ ಮಾಡಿದ್ರ ಬೈತಿದ್ದೆ. ನಾನs ಮಾಡಿದೆ..." ಮುಂದಿನ ಮಾತು ಮಗನ ಮೇಲೆ ತಿರುಗಿತು. "ಏ ಶಶಿ! ಆಕಿ ಯಾವ ಆಫೀಸಿಗೂ ಹೋಗೂದಿಲ್ಲ. ಹೂಂ ಅಂತ ಯಾಕ ಅಂದಿ ನೀನು?"

"ಅವ್ವಾ, ನೀನs ಅಲ್ಲೇನು..."

"ನಾ ಅಂದ್ರ? ನಿನಗ ಬುದ್ಧಿ ಬ್ಯಾಡೇನು? ಹೋಗು, ಟೂಟಿಂಗಿಗೆ ಹೋಗಿ ಜ್ವಾಳದ ಹಿಟ್ಟು ತಗೊಂಬಾ. ಇನ್ನ ಮೂರು ದಿನ ಈಕಿ ಏಳಂಗಿಲ್ಲ, ನಾ ಮೇಜಿನ ತಂಟೆಕ ಬರಂಗಿಲ್ಲ."

ಅಕ್ಸ್‌ಬ್ರಿಡ್ಜ್‌ನಿಂದ ಲಂಡನ್ನಿನ ಇನ್ನೊಂದು ತುದಿಯ ಟೂಟಿಂಗಿಗೆ ಟ್ಯೂಬ್ ರೈಲಿನಲ್ಲಿ ಹೋಗಿಬರಲು ಮೂರು ಗಂಟೆ ಹಿಡಿಯಿತು. ಶಶಿಧರ ಅದನ್ನು ಹಗುರ ಶಿಕ್ಷೆಯೆಂದೇ ಭಾವಿಸಿದ.

ಪ್ರಬಂಧ ಶುಕ್ರವಾರ ಸಲ್ಲಿಕೆಯಾಯಿತು. ಜೂನ್ ತಿಂಗಳ ಒಂದು ಬೆಳಿಗ್ಗೆ ವಿಡಿಯೋ ಕರೆಯಲ್ಲಿ ಮೌಖಿಕ ಪರೀಕ್ಷೆ. ನೀಲವ್ವ ಅಡುಗೆಮನೆಯಲ್ಲಿ ಸದ್ದಿಲ್ಲದೆ ಇರುತ್ತೇನೆಂದು ಮಾತು ಕೊಟ್ಟಿದ್ದಳು. ಪರೀಕ್ಷಕರು ಇಬ್ಬರು. ಮಹಿಳೆ ಸೌಮ್ಯವಾಗಿದ್ದರು. ಬಿಳಿ ಹುಬ್ಬಿನ ಹಿರಿಯರು ಹಿಂದಿನ ವರ್ಷ ಪಟ್ಟಿ ಸುಳ್ಳೆಂದವರು. ಈಗಲೂ ಹುಬ್ಬು ಏರಿಸಿಯೇ ಕೂತಿದ್ದರು.

"ನಿಮ್ಮ ತರ್ಕ ಚೆನ್ನಾಗಿದೆ," ಎಂದರು ಅವರು. "ಬೇಲಿಯ ದೂರು ನನ್ನ ಕಣ್ಣು ತಪ್ಪಿತ್ತು, ಒಪ್ಪುತ್ತೇನೆ. ಆದರೆ ಹೇಳಿ, ಓದು ಬರಹ ಬಾರದ ಮೂವತ್ತೆಂಟು ಮನೆಯ ಹೆಂಗಸರು ಮೂರು ವಾರ ಇಷ್ಟು ಲೆಕ್ಕಾಚಾರವಾಗಿ ಕೆಲಸ ನಡೆಸಬಲ್ಲರೇ? ಬರೆದಿಡದೆ?"

ವಂದನಾ ಇಂಗ್ಲಿಷಿನಲ್ಲಿ ಉತ್ತರ ಆರಂಭಿಸುವಷ್ಟರಲ್ಲಿ ಅಡುಗೆಮನೆಯಿಂದ ದನಿ ಬಂತು. "ಏನಂತ ಕೇಳಾಕತ್ತಾನ ಅಂವ?"

"ಅತ್ತೆ, ಶ್ಶ್..."

"ಯಾರದು?" ಬಿಳಿ ಹುಬ್ಬು ಇನ್ನಷ್ಟು ಏರಿತು.

ವಂದನಾ ಒಂದು ಉಸಿರು ಎಳೆದುಕೊಂಡಳು. "ನಾಲ್ಕನೆಯ ಅಧ್ಯಾಯದ ಎಪ್ಪತ್ತೊಂದನೆಯ ಅಡಿಟಿಪ್ಪಣಿ, ಸರ್. ಶ್ರೀಮತಿ ನೀಲವ್ವ. ನನ್ನ ಅತ್ತೆ."

ಮಹಿಳಾ ಪರೀಕ್ಷಕರು ಮುಂದೆ ಬಾಗಿದರು. "ಅವರನ್ನು ಕರೆಯಬಹುದೇ?"

ನೀಲವ್ವ ಸೆರಗು ಸರಿಮಾಡಿಕೊಂಡು ಬಂದು ಕ್ಯಾಮೆರಾದ ಮುಂದೆ ಕೂತಳು. ವಂದನಾ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದಳು. ನೀಲವ್ವ ಪರದೆಯಲ್ಲಿದ್ದ ಹಿರಿಯರನ್ನು ತುಸು ಹೊತ್ತು ಕರುಣೆಯಿಂದ ನೋಡಿದಳು.

"ಅವ್ರನ್ನ ಕೇಳವಾ, ಹುಟ್ಟಿದಾಗಿಂದ ಒಮ್ಮೆರೆ ಇಪ್ಪತ್ತು ಮಂದಿಗೆ ಅಡಿಗಿ ಮಾಡ್ಯಾರೇನು ಅಂತ. ನಾನು ಅರವತ್ತು ಮನಿ, ಹನ್ನೆರಡು ಸಾವಿರ ರೊಟ್ಟಿ ನಡಿಸೀನಿ. ಗ್ವಾಡಿಗೆ ಸುಣ್ಣಾ ಹಚ್ಚಿದ ಮ್ಯಾಲೂ ಒಂದ ಮನಿ ಲೆಕ್ಕಾ ತಪ್ಪಲಿಲ್ಲ. ಇಲ್ಲಿ ಇತ್ತು." ಆಕೆ ಹಣೆಯನ್ನು ಬೆರಳಲ್ಲಿ ತಟ್ಟಿ ತೋರಿಸಿದಳು. "ಚನ್ನಪಟ್ಟಿ ಮನಿ ನೂರಾ ಎಂಬತ್ತು. ಬಡಿಗೇರ ಮನಿ ಎರಡು ನೂರಾ ಹತ್ತು. ಕುಂಬಾರ ಮನಿ ಬಾಣಂತಿ ಇದ್ಲು, ಎಂಬತ್ತs..."

ಹೀಗೆ ಆಕೆ ಅರವತ್ತೂ ಮನೆ ಎಣಿಸಿದಳು. ವಂದನಾ ಒಂದೊಂದನ್ನೂ ಇಂಗ್ಲಿಷಿಗೆ ತಿರುಗಿಸುತ್ತ ಹೋದಳು; ಮೊದಲಿಗೆ ಅಳುಕುತ್ತ, ಹತ್ತನೆಯ ಮನೆಯ ಹೊತ್ತಿಗೆ ತಲೆ ಎತ್ತಿ, ನಲವತ್ತನೆಯ ಮನೆಯ ಹೊತ್ತಿಗೆ ಯುದ್ಧ ಗೆದ್ದ ದಳಪತಿಯ ವರದಿ ಓದುವವಳ ಹಾಗೆ. ಮಹಿಳಾ ಪರೀಕ್ಷಕರು ಬರೆದುಕೊಳ್ಳುತ್ತಿದ್ದರು. ಬಿಳಿ ಹುಬ್ಬಿನವರು ಕೂಡಿಸುತ್ತಿದ್ದರು. ಕೊನೆಯ ಮನೆಯಾದ ಮೇಲೆ ಅವರು ತಮ್ಮ ಹಾಳೆಯನ್ನು ನೋಡಿ, ಮತ್ತೊಮ್ಮೆ ಕೂಡಿಸಿ, ಕನ್ನಡಕ ತೆಗೆದಿಟ್ಟರು.

"ಹನ್ನೆರಡು ಸಾವಿರ," ಎಂದರು.

"ಮತ್ತೇನು?" ಎಂದಳು ನೀಲವ್ವ. ಇದಕ್ಕೆ ಅನುವಾದ ಬೇಕಾಗಲಿಲ್ಲ.

ಬಾಗಿಲ ಬಳಿ ನಿಂತಿದ್ದ ಶಶಿಧರ ಕಣ್ಣೊರೆಸಿಕೊಂಡ. ಪರೀಕ್ಷಕರು ಕರೆ ಬದಿಗಿಟ್ಟು ಕಾಲು ಗಂಟೆ ತಮ್ಮಲ್ಲೇ ಮಾತಾಡಿಕೊಂಡು ಹಿಂದಿರುಗಿದರು.

ಪ್ರಬಂಧ ಒಂದೂ ತಿದ್ದುಪಡಿಯಿಲ್ಲದೆ ಅಂಗೀಕಾರವಾಯಿತು.