ಗಂಗಾಳದ ಅಂಚಿನ ಕವಳೆ ಹಣ್ಣು

ಸಾರಿನೊಳಗೆ ತೇಲುತ್ತಿದ್ದ ಕಪ್ಪು ಹಣ್ಣನ್ನು ಯರ್ರಮ್ಮ ಸೌಟಿನಿಂದ ಎತ್ತಿ ಹಿಡಿದು ನೋಡಿದಳು.

"ಏನಮ್ಮಾ ಇದು?"

"ಕವಳೆ ಹಣ್ಣತ್ತೆ," ಎಂದಳು ಬೋರಕ್ಕ. "ಹುರುಳಿ ಸಾರಿಗೆ ನಮ್ಮ ಕಡೆ ಹಾಕ್ತಾರೆ."

"ಹಣ್ಣು ದೇವರಿಗೆ, ಮಕ್ಕಳಿಗೆ, ಜ್ವರ ಬಂದೋರಿಗೆ. ಉಪ್ಪು ಖಾರ ಹಾಕಿ ಕುದಿಸಿದ್ರೆ ಅದೇನು ಪಾಪ ಮಾಡಿತ್ತು?"

ಮೊಳಕಾಲ್ಮೂರಿನ ಕಡೆಗೆ ಇನ್ನೂ ಮೋಟಾರು ಬಂದಿರದ ಕಾಲ ಅದು. ಬೋರಕ್ಕ ಚಳ್ಳಕೆರೆ ಸೀಮೆಯವಳು. ವರವು ಕಾವಲೆಂಬ ಹುಲ್ಲುಗಾವಲಿನಲ್ಲಿ ಓಡಾಡಿ, ಕವಳೆಯ ಮುಳ್ಳಿಗೆ ಸೆರಗು ಕೊಟ್ಟು ಬೆಳೆದವಳು. ಮದುವೆಯಾಗಿ ಬಂದು ತಿಂಗಳೂ ತುಂಬಿರಲಿಲ್ಲ. ಪ್ರಸ್ತಕ್ಕೆ ಒಳ್ಳೆಯ ದಿನ ಆಷಾಢ ಕಳೆದ ಮೇಲೆಯೇ ಎಂದು ಹಿರಿಯರು ಹೇಳಿದ್ದರಿಂದ ಗಂಡ ಸೂರಪ್ಪ ಹೊಲದ ಗುಡಿಸಲಿನಲ್ಲೇ ಮಲಗುತ್ತಿದ್ದ. ಅವ್ವನ ಎದುರು ಗಂಡ ಹೆಂಡತಿ ಮಾತಾಡುವ ರೂಢಿಯೂ ಇರಲಿಲ್ಲ. ಹಾಗಾಗಿ ಅವಳಿಗೆ ಗೊತ್ತಿದ್ದದ್ದು ಗಂಡನ ಬೆನ್ನು, ಬಾಗಿದ ತಲೆ, ನೀರಿನ ಚೊಂಬು ಕೊಡುವಾಗ ಒಮ್ಮೆ ಮೇಲೆದ್ದು ಥಟ್ಟನೆ ಇಳಿಯುವ ಕಣ್ಣು, ಅಷ್ಟೇ.

ಆ ಮಧ್ಯಾಹ್ನ ಆ ಕಣ್ಣು ಮೇಲೇಳಲಿಲ್ಲ. ಸೂರಪ್ಪ ಮುದ್ದೆ ಮುರಿದು ಸಾರಿನಲ್ಲಿ ಅದ್ದುತ್ತಾ, "ಹುಣಸೆನೂ ಹಣ್ಣೇ ಅಲ್ವೇನವ್ವಾ?" ಎಂದ.

"ಅದು ಗಡಿಗೆಯೊಳಗೆ ಉಪ್ಪಿನ ಜೊತೆ ವರ್ಷಗಟ್ಟಲೆ ಬಾಳಿ, ತಾನು ಹಣ್ಣು ಅಂಬೋದನ್ನೇ ಮರೆತೈತೆ. ನೀನು ಸುಮ್ನೆ ಉಣ್ಣು," ಎಂದಳು ಯರ್ರಮ್ಮ. ಮಿಕ್ಕ ಸಾರನ್ನು ಎಮ್ಮೆಯ ಕಲಗಚ್ಚಿನ ಬಾನಿಗೆ ಸುರಿಯಲು ಗಡಿಗೆ ಎತ್ತಿಕೊಂಡು ಹಿತ್ತಲಿಗೆ ನಡೆದಳು.

ಗಂಡ ಉಂಡೆದ್ದ ಗಂಗಾಳದಲ್ಲೇ ಹೆಂಡತಿ ಉಣ್ಣಬೇಕು. ಅದು ಆ ಮನೆಯ ಪದ್ಧತಿ. ಬೋರಕ್ಕ ಗಂಗಾಳವನ್ನು ಮುಂದಕ್ಕೆಳೆದುಕೊಂಡಳು. ಸಾರೆಲ್ಲ ಖಾಲಿಯಾಗಿತ್ತು. ಅಂಚಿನಲ್ಲಿ ಒಂದು ಹಿಡಿ ಕವಳೆ ಹಣ್ಣು ಮಾತ್ರ ಸಾಲಾಗಿ ಕೂತಿದ್ದವು. ಒಂದನ್ನೂ ಕಚ್ಚಿರಲಿಲ್ಲ.

ಅತ್ತೆಯ ಮಾತಿಗೆ ಬಾರದ ಕಣ್ಣೀರು ಆಗ ಬಂತು. ಹಣ್ಣನ್ನು ಅಂಗಳದ ಕೋಳಿಗಳಿಗೆ ಎಸೆದು, ಬರೀ ಮುದ್ದೆ ನುಂಗಿದಳು. ಮತ್ತೆ ಆ ಮನೆಯ ಸಾರಿಗೆ ಹಣ್ಣು ಹಾಕಲಿಲ್ಲ. ಸೂರಪ್ಪ ದಿನವೂ ಉಣ್ಣಲು ಕೂತಾಗ ಸಾರಿನಲ್ಲಿ ಬೆರಳಾಡಿಸಿ ಏನನ್ನೋ ಹುಡುಕುವಂತೆ ಕಾಣುತ್ತಿದ್ದ. ಕಲ್ಲು ಹುಡುಕುತ್ತಾನೆ ಎಂದುಕೊಂಡಳು.

ಆಷಾಢಕ್ಕೆ ಕರೆದೊಯ್ಯಲು ಅಣ್ಣ ಜಂಪಣ್ಣ ಬಂಡಿ ಹೂಡಿಕೊಂಡು ಬಂದ. ತಂಗಿ ತನ್ನ ಸೀರೆಗಳ ಜೊತೆ ತವರಿನಿಂದ ತಂದಿದ್ದ ಕಡೆಗೋಲನ್ನೂ ಗಂಟಿಗೆ ಸೇರಿಸುವುದನ್ನು ಕಂಡು ನಕ್ಕ. "ಕಡೆಗೋಲು ಯಾಕೆ? ಒಂದು ತಿಂಗಳಿಗೆ ಹೋಗ್ತೀಯಾ, ಮನೆ ಖಾಲಿ ಮಾಡ್ತೀಯಾ?"

"ಇನ್ನು ಬರಲ್ಲ ಕಣಣ್ಣ," ಎಂದಳು ಮೆಲ್ಲಗೆ. "ಅವ್ವಂಗೆ ನಾನೇ ಹೇಳ್ತೀನಿ."

ಜಂಪಣ್ಣನ ನಗು ಆರಿತು. ಗಂಟನ್ನು ತಾನೇ ಹೊತ್ತು ಬಂಡಿಯಲ್ಲಿಟ್ಟ.

ಊರಾಚೆಯ ಬಾವಿಯವರೆಗೆ ಸೂರಪ್ಪ ಬಂಡಿಯ ಜೊತೆ ನಡೆದು ಬಂದ. ಅಲ್ಲಿ ಜಂಪಣ್ಣ ಎತ್ತುಗಳ ಕೊರಳ ಹಗ್ಗ ಬಿಚ್ಚಿ, ಇಬ್ಬರನ್ನೂ ಒಮ್ಮೆ ನೋಡಿ, "ನೀರು ಕುಡಿಸ್ಕೊಂಡು ನಿಧಾನಕ್ಕೆ ಬರ್ತೀನಿ," ಎಂದು ಬಾವಿಯ ಕಡೆ ಹೋದ.

ಸೂರಪ್ಪ ಬಂಡಿಯ ಗಾಲಿಯನ್ನೇ ನೋಡುತ್ತಾ ಕೇಳಿದ. "ಆವತ್ತಿಂದ ಹಣ್ಣು ಯಾಕೆ ಹಾಕಲಿಲ್ಲ?"

"ನೀವು ಅಂಚಿಗೆ ತಳ್ಳಿದ್ರಲ್ಲ."

"ತಳ್ಳಲಿಲ್ಲ. ನಿಂಗೆ ಅಂತ ಇಟ್ಟಿದ್ದು."

ಅವಳು ತಲೆಯೆತ್ತಿದಳು.

"ಸಾರೆಲ್ಲ ಎಮ್ಮೆ ಪಾಲಾಗ್ತಿತ್ತು," ಎಂದ. "ನನ್ನ ಗಂಗಾಳದಾಗಿರೋದನ್ನ ನೀನು ಬಿಟ್ಟು ಯಾರೂ ಮುಟ್ಟಲ್ಲ. ಅದಕ್ಕೇ ಚೆನ್ನಾಗಿ ಕಪ್ಪಗಿರೋವನ್ನ ಆರಿಸಿ ಇಟ್ಟೆ. ತವರಿನ ರುಚಿ ಒಂದು ತುತ್ತಾದ್ರೂ ಸಿಗಲಿ ಅಂತ."

"ನಾನು ಅವನ್ನ ಕೋಳಿಗೆ ಹಾಕಿಬಿಟ್ಟೆ."

"ಓ, ಆ ಹುಂಜ ಸುಮ್ಸುಮ್ನೆ ಕೊಬ್ಬಿಲ್ಲ ಹಂಗಾದ್ರೆ."

ಅವಳಿಗೆ ನಗು ಬಂತು. ಆ ನಗುವನ್ನು ನೋಡಲು ಅವನ ಕಣ್ಣು ಗಾಲಿಯಿಂದ ಮೇಲೆದ್ದಿತು. ಈ ಸಲ ಇಳಿಯಲಿಲ್ಲ.

"ನಿಮಗೆ ರುಚಿ ಆಗಿತ್ತಾ? ನಿಜ ಹೇಳ್ಬೇಕು."

"ಮೊದಲ್ನೇ ತುತ್ತು ಆಗಲಿಲ್ಲ. ಖಾರದ ನಡುವೆ ಸಿಹಿ ಬಂತಲ್ಲ, ಗುರುತಿಲ್ಲದೋರು ಮನೆಯೊಳಗೆ ಬಂದಂಗಾಯ್ತು. ಉಣ್ತಾ ಉಣ್ತಾ, ಬಂದೋರು ಪಕ್ಕದಾಗೆ ಕುಂತಂಗಾಯ್ತು. ಮಾರನೇ ದಿನ ಸಾರೆಲ್ಲಾ ಹುಡುಕಿದೆ. ಇರಲಿಲ್ಲ. ಮನೆಯಾಗೆ ಯಾರೂ ಇಲ್ಲ ಅನ್ನಿಸ್ತು."

ಬಂಡಿಯಲ್ಲಿದ್ದ ಗಂಟಿನಿಂದ ಕಡೆಗೋಲಿನ ತುದಿ ಹೊರಗೆ ಇಣುಕುತ್ತಿತ್ತು. ಅವನು ಅದನ್ನು ಮೊದಲೇ ಕಂಡಿದ್ದನೆಂದು ಅವಳಿಗೆ ಆಗ ತಿಳಿಯಿತು.

"ಅತ್ತೆ ಒಪ್ಪಲ್ಲ," ಎಂದಳು.

"ಆವತ್ತು ಎಮ್ಮೆಗೆ ಸುರಿಯೋಕೆ ಮುಂಚೆ ಅವ್ವ ಸೌಟು ನೆಕ್ಕಿದ್ಲು. ಬಾಗಿಲ ಸಂದಿನಾಗೆ ನಾನು ನೋಡಿದೀನಿ. ರುಚಿ ಹತ್ತೋಕೆ ಅವಳಿಗೂ ಒಂದಷ್ಟು ತುತ್ತು ಬೇಕು, ಅಷ್ಟೇ."

ಸೂರಪ್ಪ ಹೆಗಲ ಮೇಲಿನ ವಲ್ಲಿಯ ಗಂಟು ಬಿಚ್ಚಿದ. ಬೆಳಗ್ಗೆ ಗುಡ್ಡಕ್ಕೆ ಹೋಗಿ ಕಿತ್ತ ಕವಳೆ ಹಣ್ಣು. ಮುಂಗೈಯಲ್ಲಿ ಮುಳ್ಳು ಗೀರಿದ ಗೆರೆಗಳು ಇನ್ನೂ ಹಸಿಯಾಗಿದ್ದವು.

ಜಂಪಣ್ಣ ಎತ್ತುಗಳನ್ನು ಹೊಡೆದುಕೊಂಡು ಬಂದು ಬಂಡಿಗೆ ಹೂಡಿದ. ಬೋರಕ್ಕ ಗಂಟಿನಿಂದ ಕಡೆಗೋಲನ್ನು ಎಳೆದು ಗಂಡನ ಕೈಗೆ ಕೊಟ್ಟಳು. "ಇದು ಮನೆಯಾಗಿರಲಿ. ಮಜ್ಜಿಗೆ ಕಡೆಯೋಕೆ ಶ್ರಾವಣಕ್ಕೆ ಬರ್ತೀನಿ."

ಬಂಡಿ ಅಲುಗಿತು. ಅವಳು ಹಣ್ಣುಗಳನ್ನೆಲ್ಲ ಮಡಿಲಿಗೆ ಹಾಕಿಕೊಂಡು, ಒಂದೊಂದನ್ನೇ ಹೊರಳಿಸಿ ನೋಡಿ, ಎಲ್ಲಕ್ಕಿಂತ ಕಪ್ಪಗಿದ್ದದ್ದನ್ನು ಆರಿಸಿದಳು. ಕೆಳಕ್ಕೆ ಬಾಗಿ, ಪಕ್ಕದಲ್ಲೇ ನಡೆಯುತ್ತಿದ್ದ ಅವನ ಅಂಗೈಯ ಅಂಚಿನಲ್ಲಿ ಇಟ್ಟಳು.